ಅವಳ ಎದೆಬಡಿತಕ್ಕೆ ನಿದ್ದೆ ಮಾತ್ರೆಯೇ ಉತ್ತರವೆ?

“ನಿನಗೇನೂ ಆಗಿಲ್ಲ, ಎಲ್ಲಾ ನಿನ್ನ ಭ್ರಮೆ.” ಈ ಮಾತನ್ನು ಒಮ್ಮೆಯೂ ಕೇಳಿಸಿಕೊಳ್ಳದ ಹೆಣ್ಣುಮಕ್ಕಳು ನಮ್ಮ ಸಂಘಗಳಲ್ಲಿ ಎಷ್ಟು ಜನ ಇದ್ದೀರಿ? ಗಂಡ ಹೇಳಿರುತ್ತಾನೆ, ಅತ್ತೆ ಹೇಳಿರುತ್ತಾರೆ, ಹೆತ್ತ ತಾಯಿಯೇ ಹೇಳಿರುತ್ತಾಳೆ. ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತರೆ, ಡಾಕ್ಟರು ಮುಖ ಎತ್ತಿ ನೋಡುವುದಕ್ಕೆ ಮೊದಲೇ ಚೀಟಿ ಬರೆದು ಮುಗಿದಿರುತ್ತದೆ. ಒಂದು ಗ್ಯಾಸ್ಟ್ರಿಕ್ ಮಾತ್ರೆ, ಒಂದು ಟಾನಿಕ್ಕು, ರಾತ್ರಿಗೆ ಒಂದು ನಿದ್ದೆ ಮಾತ್ರೆ. ಎದೆ ಯಾಕೆ ಹೊಡೆದುಕೊಳ್ಳುತ್ತಿದೆ, ಯಾವಾಗಿನಿಂದ, ಮನೆಯಲ್ಲಿ ಯಾರಿದ್ದಾರೆ, ಅವರು ನಿನ್ನನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಅವಳು ಹೇಳುವುದೂ ಇಲ್ಲ, ಏಕೆಂದರೆ ಪಕ್ಕದಲ್ಲಿ ಅವನೇ ನಿಂತಿರುತ್ತಾನೆ.

ಆತಂಕ ಎನ್ನುವುದು ಒಂದು ಕಾಯಿಲೆಯಾಗಿ ಬರಬಲ್ಲದು ಮತ್ತು ಆ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಇದೆ. ಅದೇ ಆತಂಕ, ಎದುರಿಗಿರುವ ನಿಜವಾದ ಅಪಾಯಕ್ಕೆ ಮೈ ಕೊಡುವ ಎಚ್ಚರಿಕೆಯೂ ಆಗಿರಬಲ್ಲದು. ಈ ಎರಡನ್ನೂ ಬೇರೆ ಮಾಡಿ ನೋಡದೆ ಎಲ್ಲಕ್ಕೂ ಮಾತ್ರೆ ಕೊಡುವವರ ಮೇಲೆ ನನಗೆ ತಕರಾರಿದೆ. ಯಾವುದಕ್ಕೂ ಮಾತ್ರೆ ಬೇಡ, ಎಲ್ಲವೂ ಗಂಡಸರ ದಬ್ಬಾಳಿಕೆಯ ಫಲ ಎಂದು ಹೇಳಿ ಕೈತೊಳೆದುಕೊಳ್ಳುವ ನಮ್ಮದೇ ಚಳವಳಿಯ ಕೆಲವು ಗೆಳತಿಯರ ಮೇಲೂ ಅಷ್ಟೇ ತಕರಾರಿದೆ. ಇಬ್ಬರ ನಡುವೆ ಸಿಕ್ಕಿ ಒದ್ದಾಡುವವಳು ಅವಳು.

ಮೊದಲು ಲೆಕ್ಕ ನೋಡೋಣ. 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಆತಂಕ ಮತ್ತು ಒತ್ತಡಕ್ಕೆ ಸಂಬಂಧಿಸಿದ ಕಾಯಿಲೆಗಳು ನೂರಕ್ಕೆ ಮೂರೂವರೆ ಜನರಲ್ಲಿ ಕಂಡುಬಂದವು. ಗಂಡಸರಿಗಿಂತ ಹೆಂಗಸರಲ್ಲಿ ಹತ್ತಿರಹತ್ತಿರ ಎರಡು ಪಟ್ಟು. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದ ನೂರು ಜನರಲ್ಲಿ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. (ನಿಮ್ಹಾನ್ಸ್ ಇರುವುದು ಬೆಂಗಳೂರಿನಲ್ಲಿ, ಆದರೆ ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.)

ಹೆಂಗಸರಲ್ಲಿ ಎರಡು ಪಟ್ಟು ಏಕೆ? “ಹೆಣ್ಣಿನ ಮನಸ್ಸೇ ದುರ್ಬಲ” ಎಂದು ಹೇಳಿ ಕೂರುವವರಿಗೆ ಇನ್ನೊಂದು ಲೆಕ್ಕ ಕೊಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಇಡೀ ದೇಶದಲ್ಲಿ ನಾವೇ ಮುಂದೆ! ಮೈಯಲ್ಲಿ ಹರಿಯುವ ಸ್ರಾವಗಳ ಏರಿಳಿತ, ವಂಶದಿಂದ ಬಂದ ಗುಣ, ಇವುಗಳಿಗೂ ಆತಂಕದ ಕಾಯಿಲೆಯಲ್ಲಿ ಪಾಲಿದೆ, ಇಲ್ಲವೆನ್ನುವುದಿಲ್ಲ. ಆದರೆ ಹೊಡೆತ ತಿನ್ನುವ ಮನೆಯಲ್ಲಿ ಬಾಳುವವಳ ಎದೆಬಡಿತಕ್ಕೆ ಅವಳ ನರಗಳನ್ನು ಮಾತ್ರ ದೂರುವುದು ಯಾವ ವಿಜ್ಞಾನ?

ನಮ್ಮ ವಾರದ ಸಭೆಗೆ ಮೂವರು ಬಂದು ಒಂದೇ ಮಾತು ಹೇಳಿದರು ಎಂದು ಇಟ್ಟುಕೊಳ್ಳಿ: “ಎದೆ ಢವಢವ ಅಂತದೆ ಅಕ್ಕಾ, ಕೈಕಾಲು ನಡುಗ್ತವೆ, ರಾತ್ರಿ ಕಣ್ಣು ಮುಚ್ಚಲ್ಲ.”

ಮೊದಲನೆಯವಳಿಗೆ ಇದು ಬರುವುದು ಸಂಜೆ ಏಳರ ಮೇಲೆ. ಗಂಡನ ಬೈಕಿನ ಸದ್ದು ಓಣಿಯ ತುದಿಯಲ್ಲಿ ಕೇಳಿದ ಕೂಡಲೆ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. ಅವನು ಊರಿಗೆ ಹೋದ ದಿನ ಏನೂ ಇಲ್ಲ, ಮಕ್ಕಳ ಜೊತೆ ಉಂಡು ಚೆನ್ನಾಗಿ ನಿದ್ದೆ ಮಾಡುತ್ತಾಳೆ. ತವರಿನಲ್ಲಿ ನಾಲ್ಕು ದಿನ ಇದ್ದರೆ ಮೈ ತುಂಬಿಕೊಳ್ಳುತ್ತಾಳೆ. ಇವಳಿಗೆ ಯಾವ ಕಾಯಿಲೆಯೂ ಇಲ್ಲದಿರಬಹುದು. ಅವಳ ಮೈ ತನ್ನ ಕೆಲಸ ತಾನು ಮಾಡುತ್ತಿದೆ. ಹಾವು ಕಂಡಾಗ ನಮಗೆಲ್ಲ ಏನಾಗುತ್ತದೋ ಅದು ಅವಳಿಗೆ ದಿನವೂ ಹೊಸಿಲ ಬಳಿ ಆಗುತ್ತಿದೆ. ಎದೆ ಜೋರಾಗಿ ಹೊಡೆದು ಕೈಕಾಲಿಗೆ ರಕ್ತ ನೂಕುತ್ತದೆ, ಉಸಿರು ಹೆಚ್ಚುತ್ತದೆ, ಕಿವಿ ಚುರುಕಾಗುತ್ತದೆ, ಓಡು ಅಥವಾ ತಡೆ ಎನ್ನುತ್ತದೆ. ಅವಳಿಗೆ ಓಡಲೂ ಜಾಗವಿಲ್ಲ, ತಡೆಯಲೂ ಬಲವಿಲ್ಲ. ಇಂಥವಳಿಗೆ ರಾತ್ರಿಗೊಂದು ನಿದ್ದೆ ಮಾತ್ರೆ ಕೊಟ್ಟರೆ ಏನಾಗುತ್ತದೆ, ಯೋಚಿಸಿ. ಅವಳ ಕಾವಲು ನಾಯಿಗೆ ಮದ್ದು ಹಾಕಿದಂತೆ. ಅವನು ಹೊಡೆಯಲು ಬಂದಾಗ ಎದ್ದು ಬಾಗಿಲು ತೆರೆದು ನೆರೆಮನೆಗೆ ಓಡುವ ಎಚ್ಚರವೂ ಇರುವುದಿಲ್ಲ. ಇವಳಿಗೆ ಬೇಕಾದದ್ದು ರಕ್ಷಣೆ. ಅದಕ್ಕೆ ಕಾನೂನಿದೆ: 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಆ ಕಾಯ್ದೆಯಡಿ ಹೊಡೆತವನ್ನು ನಿಲ್ಲಿಸುವ ಆದೇಶ, ಅದೇ ಮನೆಯಲ್ಲಿ ಇರುವ ಹಕ್ಕು, ಎರಡೂ ಸಿಗುತ್ತವೆ.

ಎರಡನೆಯವಳ ಗಂಡ ಸೌಮ್ಯದವನು. ಮನೆಯಲ್ಲಿ ಹೊಡೆತ ಬಡಿತ ಇಲ್ಲ. ಆರು ತಿಂಗಳ ಹಿಂದೆ ಸಂತೆಯಲ್ಲಿ ನಿಂತಿದ್ದಾಗ ಇದ್ದಕ್ಕಿದ್ದಂತೆ ಉಸಿರು ಕಟ್ಟಿತು, ಎದೆ ಹಿಡಿದುಕೊಂಡಿತು, ಬೆರಳ ತುದಿ ಜುಮ್ ಎಂದಿತು, ಬೆವರು ಸುರಿಯಿತು, ಈಗಲೇ ಸತ್ತೆ ಎನಿಸಿತು. ಅರ್ಧ ಗಂಟೆಯಲ್ಲಿ ತಾನಾಗಿ ಇಳಿಯಿತು. ಇ.ಸಿ.ಜಿ. ತೆಗೆದರು, ಹೃದಯ ಸರಿಯಾಗಿತ್ತು. ಆಮೇಲೆ ಇನ್ನೆರಡು ಸಲ ಬಂತು. ಈಗ ಅವಳಿಗೆ ದಾಳಿಗಿಂತಲೂ ದಾಳಿ ಮತ್ತೆ ಬಂದೀತೆಂಬ ಭಯ ದೊಡ್ಡದಾಗಿದೆ. ಸಂತೆಗೆ ಹೋಗುವುದಿಲ್ಲ, ಗುಂಪಿನಲ್ಲಿ ನಿಲ್ಲುವುದಿಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆಲ್ಲ ಟಿಕೆಟ್ ದುಡ್ಡಿಲ್ಲ, ಆದರೆ ಅವಳು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡಲಾರಳು. ಇದು ಕಾಯಿಲೆ. ಇಂಗ್ಲಿಷ್‌ನಲ್ಲಿ ಪ್ಯಾನಿಕ್ ಡಿಸಾರ್ಡರ್ ಅನ್ನುತ್ತಾರೆ; ನಾವು ದಿಗಿಲಿನ ಕಾಯಿಲೆ ಎನ್ನೋಣ. ದಾಳಿ ಕೆಲವೇ ನಿಮಿಷಗಳಲ್ಲಿ ಶಿಖರಕ್ಕೇರಿ ಇಳಿಯುತ್ತದೆ. ಪ್ರಾಣ ತೆಗೆಯುವುದಿಲ್ಲ. ಬೆರಳು ಜುಮ್ ಎನ್ನುವುದು ಗಾಳಿ ಮೆಟ್ಟಿದ್ದರಿಂದ ಅಲ್ಲ. ಗಾಬರಿಯಲ್ಲಿ ಬೇಗಬೇಗ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಅದಕ್ಕೇ ಬೆರಳು, ತುಟಿ ಮರಗಟ್ಟುವುದು, ತಲೆ ಹಗುರಾಗುವುದು.

ಮೂರನೆಯವಳು ಗಂಡನ ಮನೆ ಬಿಟ್ಟು ಮೂರು ವರ್ಷವಾಯಿತು. ಸೀಮೆಎಣ್ಣೆ ಸುರಿದು ಬೆಂಕಿಕಡ್ಡಿ ಗೀರಲು ಬಂದಿದ್ದರು, ಹೇಗೋ ತಪ್ಪಿಸಿಕೊಂಡು ಬಂದಳು. ಈಗ ತವರಿನಲ್ಲಿ ಕ್ಷೇಮವಾಗಿದ್ದಾಳೆ, ಹೊಲಿಗೆ ಕೆಲಸ ಮಾಡುತ್ತಾಳೆ. ಆದರೂ ಸೀಮೆಎಣ್ಣೆ ವಾಸನೆ ಬಂದರೆ ಆ ರಾತ್ರಿಯೇ ಮತ್ತೆ ಕಣ್ಣೆದುರು ಬಂದು ನಿಲ್ಲುತ್ತದೆ, ನೆನಪಾಗಿ ಅಲ್ಲ, ಈಗಲೇ ನಡೆಯುತ್ತಿದೆಯೋ ಎಂಬಂತೆ. ಬಾಗಿಲು ಜೋರಾಗಿ ಬಡಿದರೆ ಬೆಚ್ಚಿಬೀಳುತ್ತಾಳೆ. ಆ ಬೀದಿಯ ಕಡೆ ಹೋಗುವುದಿಲ್ಲ, ಆ ಮಾತು ಎತ್ತಿದರೆ ಎದ್ದು ಹೋಗುತ್ತಾಳೆ. ಕೆಟ್ಟ ಕನಸು. ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತಾಳೆ. “ಎಲ್ಲ ಮುಗೀತಲ್ಲ, ಇನ್ನೂ ಯಾಕೆ ಅಳ್ತಾಳೆ?” ಎನ್ನುತ್ತಾರೆ ಅಣ್ಣ ಅತ್ತಿಗೆ. ಅಪಾಯ ಮುಗಿದರೂ ಮೈ ಅದನ್ನು ನಂಬಿಲ್ಲ. ಇದಕ್ಕೆ ಆಘಾತದ ನಂತರದ ಒತ್ತಡದ ಕಾಯಿಲೆ ಎಂದು ಹೆಸರು, ಪಿ.ಟಿ.ಎಸ್.ಡಿ. ಎಂಬ ಅಕ್ಷರಗಳಲ್ಲಿ ಡಾಕ್ಟರು ಬರೆಯುತ್ತಾರೆ. ಈಗಿನ ವೈದ್ಯ ಪುಸ್ತಕಗಳು ಇದನ್ನು ಆತಂಕದ ಕಾಯಿಲೆಗಳ ಪಟ್ಟಿಯಿಂದ ತೆಗೆದು ಬೇರೆಯೇ ಗುಂಪಿನಲ್ಲಿ ಇಟ್ಟಿವೆ. ನಮಗೆ ಬೇಕಾದದ್ದು ಇಷ್ಟು: ಇದಕ್ಕೆ ಬೇರೆಯದೇ ಆದ ಮಾತಿನ ಚಿಕಿತ್ಸೆ ಇದೆ, ಮತ್ತು ಬರೀ ನಿದ್ದೆ ಮಾತ್ರೆ ಇದಕ್ಕೆ ಔಷಧಿಯೇ ಅಲ್ಲ.

ನಾಲ್ಕನೆಯವಳೂ ಒಬ್ಬಳಿದ್ದಾಳೆ, ಅವಳು ಸಭೆಯಲ್ಲಿ ಬಾಯಿಯೇ ಬಿಡುವುದಿಲ್ಲ. ಸಾಲದ ಕಂತು, ಮಗಳ ಮದುವೆ, ಮಗನ ಕೆಲಸ, ಮಳೆ, ಗಂಡನ ಕೆಮ್ಮು, ನಾಳೆಯ ಹಾಲು, ಎಲ್ಲದಕ್ಕೂ ಚಿಂತೆ. ಚಿಂತೆ ಯಾರಿಗಿಲ್ಲ? ಆದರೆ ಆರು ತಿಂಗಳಿಗೂ ಮೀರಿ, ಹೆಚ್ಚುಕಡಿಮೆ ದಿನವೂ, ನಿಲ್ಲಿಸಬೇಕೆಂದರೂ ನಿಲ್ಲದ ಚಿಂತೆ. ಕತ್ತು ಭುಜ ಬಿಗಿತ, ಸುಸ್ತು, ಸಿಡುಕು, ಮರೆವು, ನಿದ್ದೆಗೇಡು, ಇವೆಲ್ಲ ಜೊತೆಗೂಡಿದರೆ ಅದೂ ಚಿಕಿತ್ಸೆ ಬೇಕಾದ ಕಾಯಿಲೆಯೇ. ಕಂತಿನ ಮಾತು ಬಂದದ್ದರಿಂದ ಹೇಳುತ್ತೇನೆ: ಮೈಕ್ರೋಫೈನಾನ್ಸ್‌ನವರು ಮನೆ ಬಾಗಿಲಿಗೆ ಬಂದು ಕೂತು ಮರ್ಯಾದೆ ಕಳೆಯುವ ಹಾವಳಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಥವರಿಗೆ ಹೆದರಿ ಒಳಕೋಣೆಯಲ್ಲಿ ಅವಿತವಳನ್ನು ಮಾನಸಿಕ ರೋಗಿ ಎನ್ನುವ ಮೊದಲು ಬಾಗಿಲಲ್ಲಿ ಕೂತವನನ್ನು ಎಬ್ಬಿಸಿ ಕಳಿಸಬೇಕು.

ಇನ್ನೂ ಇವೆ. ನಾಲ್ಕು ಜನರೆದುರು ಮಾತಾಡಲು, ಉಣ್ಣಲು ಕೂಡ ನಾಚಿಕೆಯನ್ನು ಮೀರಿದ ಭಯ. ಯಾವುದೋ ಒಂದೇ ವಸ್ತುವಿನ ಬಗ್ಗೆ ವಿಪರೀತ ಭಯ. ಕೈ ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆದು ಚರ್ಮ ಸುಲಿದುಹೋಗುವ ಗೀಳು. ಮಡಿವಂತಿಕೆಯನ್ನು ಹೊಗಳುವ ನಮ್ಮ ಮನೆಗಳಲ್ಲಿ ಈ ಗೀಳಿನ ಹೆಂಗಸು ವರ್ಷಗಟ್ಟಲೆ ಒಳ್ಳೆಯ ಗೃಹಿಣಿ ಎನಿಸಿಕೊಂಡೇ ನರಳುತ್ತಾಳೆ.

ಹಾಗಾದರೆ ನಾವು, ಡಾಕ್ಟರಲ್ಲದವರು, ಹೇಗೆ ತಿಳಿಯುವುದು? ರೋಗದ ಹೆಸರು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಕೇಳುವುದು ನಮ್ಮ ಕೆಲಸ. ಅವಳನ್ನು ಒಬ್ಬಳೇ ಕೂರಿಸಿಕೊಂಡು ಕೇಳಿ. ಯಾವಾಗ ಬರುತ್ತದೆ? ಯಾರಿದ್ದಾಗ, ಯಾರಿಲ್ಲದಾಗ? ಬೇರೆ ಊರಿಗೆ ಹೋದರೆ ಹೋಗುತ್ತದೆಯೇ? ಅದರಿಂದಾಗಿ ಯಾವ ಕೆಲಸ ಬಿಟ್ಟಿದ್ದೀಯ? ಮನೆಯಲ್ಲಿ ಯಾರಿಗಾದರೂ ಹೆದರಿ ಬದುಕುತ್ತಿದ್ದೀಯಾ? ಕೊನೆಯದನ್ನು ಕೇಳಲು ಮುಜುಗರಪಡಬೇಡಿ. ಬದುಕು ಸಾಕೆನಿಸಿದೆಯಾ ಎಂದೂ ಕೇಳಿ. ಕೇಳಿದರೆ ಅವಳ ತಲೆಗೆ ನಾವೇ ಆ ವಿಚಾರ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. 2021ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ 23,178 ಗೃಹಿಣಿಯರು ಆತ್ಮಹತ್ಯೆ ಮಾಡಿಕೊಂಡರು ಎಂದು ಸರ್ಕಾರದ ಅಪರಾಧ ದಾಖಲೆಗಳ ಸಂಸ್ಥೆಯೇ ಹೇಳಿದೆ. ಅವರಲ್ಲಿ ಎಷ್ಟು ಮಂದಿಯನ್ನು ಯಾರಾದರೂ ಹಾಗೆ ಕೇಳಿದ್ದರು? ಹೌದು ಎಂದವಳನ್ನು ಆ ರಾತ್ರಿ ಒಂಟಿಯಾಗಿ ಬಿಡಬೇಡಿ, ಹೊಲಕ್ಕೆ ತಂದ ಔಷಧಿಯ ಡಬ್ಬಿ ಮನೆಯಲ್ಲಿ ಇರದಂತೆ ನೋಡಿ, ಮರುದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಎದೆಬಡಿತವೆಲ್ಲ ಮನಸ್ಸಿನದೇ ಎಂದು ನಾವೇ ತೀರ್ಮಾನ ಮಾಡುವುದೂ ಸಲ್ಲದು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ತೂಕ ಇಳಿಯುತ್ತದೆ. ರಕ್ತಹೀನತೆ ನಮ್ಮಲ್ಲಿ ಮನೆಮನೆಗೂ ಇದೆ. ನಾಲ್ಕು ಹೆಜ್ಜೆಗೆ ಏದುಸಿರು ಬರುವುದು ಅದರಿಂದಲೂ ಇರಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವವರಲ್ಲಿ ಸಕ್ಕರೆ ಇಳಿದರೆ ಬೆವರು, ನಡುಕ. ಮುಟ್ಟು ನಿಲ್ಲುವ ವಯಸ್ಸಿನ ಬಿಸಿ ಅಲೆ. ದಿನಕ್ಕೆ ಏಳೆಂಟು ಲೋಟ ಕಾಫಿ, ಚಹಾ. ಎಲ್ಲಕ್ಕಿಂತ ಮುಖ್ಯ, ನಲವತ್ತು ದಾಟಿದವಳಿಗೆ ಮೊದಲ ಸಲ ಎದೆ ಬಿಗಿದು, ನೋವು ತೋಳಿಗೋ ದವಡೆಗೋ ಹರಿದು ಬೆವರು ಬಂದರೆ, ಅಥವಾ ಕೆಲಸ ಮಾಡುವಾಗ ಎದೆನೋವು ಬಂದು ಕೂತಾಗ ಇಳಿದರೆ, ದಿಗಿಲು ಎಂದು ಕೂರಬೇಡಿ. ತಕ್ಷಣ ಆಸ್ಪತ್ರೆ, ಮೊದಲು ಇ.ಸಿ.ಜಿ. “ಹೆಂಗಸರಿಗೆ ಎಲ್ಲಿಯ ಹಾರ್ಟ್ ಅಟ್ಯಾಕು” ಎಂದು ಮನೆಗೆ ಕಳಿಸಿದ ಮೇಲೆ ಸತ್ತವರೂ ಇದ್ದಾರೆ.

ಇದರ ತಿರುವುಮುರುವೂ ಆಗುತ್ತದೆ. ಬಿಳಿ ಸೆರಗು ಎಂದು ದೂರುವ ಹೆಂಗಸರಿಗೆ ನಮ್ಮ ಆಸ್ಪತ್ರೆಗಳಲ್ಲಿ ಸೋಂಕಿನ ಮಾತ್ರೆ ಕೊಟ್ಟೂ ಕೊಟ್ಟೂ ಸಾಕಾಗಿದೆ. ಡಾಕ್ಟರ್ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಪಕ್ಕದ ಗೋವಾದಲ್ಲಿ ಸಾವಿರಾರು ಹೆಂಗಸರನ್ನು ಕಂಡು 2005-06ರಲ್ಲಿ ಪ್ರಕಟಿಸಿದ ಅಧ್ಯಯನಗಳು ತೋರಿಸಿದ್ದೇನು? ಈ ದೂರಿಗೂ ಮನಸ್ಸಿನ ಸಂಕಟಕ್ಕೂ ಗಟ್ಟಿ ನಂಟಿದೆ. ಆ ಸಂಕಟಕ್ಕೂ ಬಡತನಕ್ಕೂ ಗಂಡನ ಹಿಂಸೆಗೂ ಅಷ್ಟೇ ನಂಟಿದೆ. “ಮನಸ್ಸು ಸರಿಯಿಲ್ಲ” ಎಂದು ಹೇಳಿಕೊಳ್ಳಲು ನಮಗೆ ಯಾರೂ ಕಲಿಸಿಲ್ಲ. ಸೊಂಟನೋವು, ಉರಿ, ತಲೆಸುತ್ತು, ಬಿಳಿ ಸೆರಗು ಎನ್ನುವುದು ಮಾತ್ರ ನಾಚಿಕೆಯಿಲ್ಲದೆ ಹೇಳಬಹುದಾದದ್ದು.

ಇನ್ನು ಗಾಳಿ, ದೆವ್ವ. ಅವಳು ದೇವಸ್ಥಾನಕ್ಕೆ ಹೋಗಲಿ, ಹರಕೆ ಹೊರಲಿ, ಅವಳ ನಂಬಿಕೆಯನ್ನು ಗೇಲಿ ಮಾಡುವ ಹಕ್ಕು ನಮಗಿಲ್ಲ. ಆದರೆ ದೆವ್ವ ಬಿಡಿಸುತ್ತೇನೆಂದು ಪೊರಕೆಯಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಮೆಣಸಿನಕಾಯಿ ಹೊಗೆ ಹಾಕುವುದು ಚಿಕಿತ್ಸೆಯಲ್ಲ, ದೌರ್ಜನ್ಯ. ದೆವ್ವ ಬಿಡಿಸುವ ನೆಪದ ಹೊಡೆತವನ್ನು ಅಪರಾಧ ಎನ್ನುವ 2017ರ ಮೌಢ್ಯ ತಡೆ ಕಾಯ್ದೆ 2020ರಿಂದ ನಮ್ಮ ರಾಜ್ಯದಲ್ಲಿ ಜಾರಿಯಲ್ಲಿದೆ.

ಚಿಕಿತ್ಸೆಯ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಮೋಸ ಹೋಗುವುದು ಇಲ್ಲಿಯೇ.

ಆತಂಕಕ್ಕೆ ಕೊಡುವ ಮಾತ್ರೆಗಳಲ್ಲಿ ಎರಡು ಜಾತಿ ಇವೆ. ಒಂದು, ತಿಂದ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಎದೆಬಡಿತ ಇಳಿಸಿ ನಿದ್ದೆ ತರಿಸುವಂಥವು: ಅಲ್ಪ್ರಜೋಲಾಂ, ಕ್ಲೋನಾಜೆಪಾಂ, ಡಯಾಜೆಪಾಂ, ಲೋರಾಜೆಪಾಂ. ಇವು ಕೆಟ್ಟವೆಂದಲ್ಲ. ಎರಡರಿಂದ ನಾಲ್ಕು ವಾರ, ಡಾಕ್ಟರ ಕಣ್ಣಳತೆಯಲ್ಲಿ ಉಪಯೋಗಕ್ಕೆ ಬರುತ್ತವೆ. ಅದಕ್ಕಿಂತ ಹೆಚ್ಚು ದಿನ ತಿಂದರೆ ಮೈ ಅವಕ್ಕೆ ಒಗ್ಗಿಕೊಳ್ಳುತ್ತದೆ, ಇಲ್ಲದೆ ನಿದ್ದೆಯೇ ಬಾರದಂತಾಗುತ್ತದೆ, ಮರೆವು, ತೂಕಡಿಕೆ, ವಯಸ್ಸಾದವರಿಗೆ ಬಿದ್ದು ಮೂಳೆ ಮುರಿತ. ಸಾರಾಯಿಯ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಅಲ್ಪ್ರಜೋಲಾಂ, ಡಯಾಜೆಪಾಂ ಮಾರಾಟವನ್ನು ಸರ್ಕಾರ 2013ರ ಅಧಿಸೂಚನೆಯಲ್ಲಿ ಬಿಗಿಗೊಳಿಸಿ, ಚೀಟಿಯಿಲ್ಲದೆ ಕೊಡಬಾರದು, ಕೊಂಡವರ ಹೆಸರು ಪುಸ್ತಕದಲ್ಲಿ ಬರೆಯಬೇಕು ಎಂದಿತು. ನಿಮ್ಮೂರ ಮೆಡಿಕಲ್ ಶಾಪಿನಲ್ಲಿ ಆ ಪುಸ್ತಕ ಇದೆಯೇ ಎಂದು ಸಂಘದ ನಾಲ್ಕು ಜನ ಹೋಗಿ ಕೇಳಿ ನೋಡಿ. ಆದರೆ ಒಂದು ಎಚ್ಚರಿಕೆ: ತಿಂಗಳುಗಟ್ಟಲೆ ಇದನ್ನು ತಿಂದವರು ಈ ಲೇಖನ ಓದಿ ನಾಳೆಯೇ ಬಿಸಾಡಬೇಡಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಡಾಕ್ಟರ ಹತ್ತಿರ ಹೋಗಿ ಸ್ವಲ್ಪಸ್ವಲ್ಪವೇ ಇಳಿಸಿಕೊಂಡು ಬಿಡಬೇಕು.

ಎರಡನೆಯ ಜಾತಿ ಎಸಿಟಲೋಪ್ರಾಂ, ಸರ್ಟ್ರಲೀನ್, ಫ್ಲುಯಾಕ್ಸೆಟೀನ್ ಮೊದಲಾದವು. ಕಾಯಿಲೆಯಾಗಿ ಬೇರೂರಿದ ಆತಂಕಕ್ಕೆ ಇವೇ ಮುಖ್ಯ ಔಷಧಿ. ಇವು ಅಮಲು ತರುವುದಿಲ್ಲ, ತಿಂದ ದಿನವೇ ಗುಣವೂ ಕಾಣಿಸುವುದಿಲ್ಲ. ಗುಣ ತಿಳಿಯಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಕೆಲವರಿಗೆ ತಳಮಳ ಸ್ವಲ್ಪ ಹೆಚ್ಚೇ ಆಗಬಹುದು. ಇದನ್ನು ಮೊದಲೇ ಹೇಳದ ಕಾರಣ ನಮ್ಮ ಹೆಂಗಸರು ಐದನೆಯ ದಿನಕ್ಕೆ “ಈ ಮಾತ್ರೆ ನನಗಾಗದು” ಎಂದು ಬಿಟ್ಟು, ತಕ್ಷಣ ನಿದ್ದೆ ತರಿಸುವ ಮಾತ್ರೆಗೆ ಮರಳುತ್ತಾರೆ. ಗುಣವಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಬೇಕು, ಬಿಡುವಾಗ ನಿಧಾನವಾಗಿ ಬಿಡಬೇಕು. ಬಸುರಿ, ಬಾಣಂತಿ ಆಗಿದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು. ಈ ಎರಡು ಜಾತಿಯ ಔಷಧಿಯನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿಯೂ ಮಾರುತ್ತಾರೆ. ಪಟ್ಟಿಯ ಹಿಂದೆ ಬರೆದ ಹೆಸರನ್ನು ಓದುವ ಮಗಳೋ ಮೊಮ್ಮಗಳೋ ಮನೆಯಲ್ಲಿ ಇದ್ದೇ ಇರುತ್ತಾಳೆ, ಓದಿಸಿ ಕೇಳಿ.

ಮಾತ್ರೆಯಷ್ಟೇ ಕೆಲಸ ಮಾಡುವ ಇನ್ನೊಂದು ಚಿಕಿತ್ಸೆ ಇದೆ, ಅದು ಮಾತಿನ ಚಿಕಿತ್ಸೆ. ಭಯದ ಲೆಕ್ಕಾಚಾರ ಎಲ್ಲಿ ತಪ್ಪುತ್ತಿದೆ ಎಂದು ಕೂತು ನೋಡುವುದು, ಬಿಟ್ಟುಕೊಟ್ಟ ಜಾಗಗಳನ್ನು ಹೆಜ್ಜೆ ಹೆಜ್ಜೆಯಾಗಿ ಮರಳಿ ಗೆಲ್ಲುವುದು. ಬಸ್ಸಿಗೆ ಹೆದರುವ ನಮ್ಮ ಎರಡನೆಯವಳು ಮೊದಲ ದಿನಗಳಲ್ಲಿ ಗೆಳತಿಯ ಜೊತೆ ನಿಲ್ದಾಣಕ್ಕೆ ಹೋಗಿ ಕೂರುತ್ತಾಳೆ. ಎದೆ ಹೊಡೆದುಕೊಂಡರೂ ಏಳುವುದಿಲ್ಲ. ಅದು ತಾನಾಗಿ ಇಳಿಯುವ ತನಕ ಕೂತಿರುತ್ತಾಳೆ. ಅದು ರೂಢಿಯಾದ ಮೇಲೆ ಒಂದು ನಿಲ್ದಾಣದ ದೂರ, ಆಮೇಲೆ ಎರಡು, ಆಮೇಲೆ ಒಬ್ಬಳೇ. ಉಸಿರು ತೆಗೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡುವುದನ್ನೂ ಕಲಿಸುತ್ತಾರೆ. ಇದಕ್ಕೆ ದೊಡ್ಡ ಡಾಕ್ಟರೇ ಬೇಕೆಂದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಡಾಕ್ಟರ ಜೊತೆಗೂಡಿ ಆತಂಕ, ಖಿನ್ನತೆಯವರನ್ನು ನೋಡಿಕೊಂಡಾಗ ಹೆಚ್ಚು ಜನ ಗುಣವಾದರು ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಆಶಾ ಕಾರ್ಯಕರ್ತೆಯರಿಗೆ ಇದು ಆಗದ ಕೆಲಸವೇ? ಆದರೆ ಈಗಿರುವ ಗೌರವಧನಕ್ಕೇ ಬೀದಿಗಿಳಿಯಬೇಕಾದವರ ತಲೆಗೆ ಇದನ್ನೂ ಬಿಟ್ಟಿಯಾಗಿ ಕಟ್ಟಬಾರದು, ಅದೂ ಸೇರಿಯೇ ಹೇಳುತ್ತಿದ್ದೇನೆ.

ಆದರೆ ಹುಷಾರು. ಹೆಜ್ಜೆ ಹೆಜ್ಜೆಯಾಗಿ ಭಯವನ್ನು ಎದುರಿಸುವ ಈ ವಿಧಾನ ಎರಡನೆಯವಳಿಗೆ ಸರಿ. ಮೊದಲನೆಯವಳಿಗೆ, ಬೈಕಿನ ಸದ್ದಿಗೆ ನಡುಗುವವಳಿಗೆ, “ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಕೋ” ಎನ್ನುವುದು ಮಹಾಪರಾಧ. ಕೌನ್ಸೆಲಿಂಗ್ ಎಂಬ ಪದವನ್ನೇ ನಮ್ಮಲ್ಲಿ ಕೆಡಿಸಿಟ್ಟಿದ್ದಾರೆ. ಪೊಲೀಸ್ ಠಾಣೆಯಲ್ಲಿ, ಹಿರಿಯರ ಪಂಚಾಯ್ತಿಯಲ್ಲಿ ಕೌನ್ಸೆಲಿಂಗ್ ಎಂದರೆ “ಹೊಂದಿಕೊಂಡು ಹೋಗಮ್ಮ” ಎಂದು ರಾಜಿ ಮಾಡಿ ವಾಪಸು ಕಳಿಸುವುದು. ಹೊಡೆಯುವವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವ ಯಾವ ಸಮಾಲೋಚನೆಯೂ ಚಿಕಿತ್ಸೆಯಲ್ಲ.

ಈಗ ನಮ್ಮ ಗೆಳತಿಯರ ವಾದ. ಅವರು ಹೇಳುವುದು: “ಅವಳ ರೋಗದ ಹೆಸರು ವರದಕ್ಷಿಣೆ. ಅವಳಿಗೆ ಮಾತ್ರೆ ಕೊಡುವುದೆಂದರೆ ಪ್ರತಿಭಟಿಸುವ ಬಾಯಿಗೆ ಬಟ್ಟೆ ತುರುಕಿದಂತೆ.” ಈ ಮಾತಿನ ಹಿಂದಿನ ಸಿಟ್ಟು ನ್ಯಾಯವಾದದ್ದೇ. ಹೆಣ್ಣಿನ ಸಂಕಟವನ್ನು ಹಿಸ್ಟೀರಿಯಾ ಎಂದು ತಳ್ಳಿಹಾಕಿದ ಇತಿಹಾಸ ವೈದ್ಯಶಾಸ್ತ್ರಕ್ಕಿದೆ. ಆದರೆ ಅದೇ ಶಾಸ್ತ್ರವನ್ನು ಹೆಂಗಸರೇ ತಿದ್ದಿದ ಇತಿಹಾಸವೂ ಇದೆ. ಅತ್ಯಾಚಾರಕ್ಕೊಳಗಾದವರ ಆಘಾತ ಹೇಗಿರುತ್ತದೆ ಎಂದು 1974ರಲ್ಲಿ ಅಮೆರಿಕದ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಂ ಬರೆದಿಟ್ಟರು. 1980ರಲ್ಲಿ ಆಘಾತದ ನಂತರದ ಕಾಯಿಲೆ ಅಲ್ಲಿನ ವೈದ್ಯರ ಅಧಿಕೃತ ಪಟ್ಟಿಗೆ ಸೇರಿತು. ಯುದ್ಧದಿಂದ ಮರಳಿದ ಸೈನಿಕನಿಗೂ ಮನೆಯೊಳಗೆ ಹೊಡೆತ ತಿಂದ ಹೆಂಗಸಿಗೂ ಆಗುವ ಗಾಯ ಒಂದೇ ಬಗೆಯದು ಎಂದು 1992ರಲ್ಲಿ ಜೂಡಿತ್ ಹರ್ಮನ್ ತಮ್ಮ ಪುಸ್ತಕದಲ್ಲಿ ವಾದಿಸಿದರು. ನಮ್ಮ ದೇಶದಲ್ಲಿ ಭಾರ್ಗವಿ ದಾವರ್ 1999ರಲ್ಲಿ ಭಾರತದ ಹೆಂಗಸರ ಮಾನಸಿಕ ಆರೋಗ್ಯದ ಬಗ್ಗೆ ಸ್ತ್ರೀವಾದಿ ನೋಟದ ಪುಸ್ತಕ ಬರೆದರು. ಅಂದರೆ ಮನಸ್ಸಿನ ನೋವಿಗೆ ಹೆಸರಿಡುವುದು ಶತ್ರುವಿನ ಕೆಲಸವೇನೂ ಅಲ್ಲ. ನಮ್ಮ ಮೂರನೆಯವಳನ್ನು ನೋಡಿ: ಗಂಡನ ಮೇಲೆ ಕೇಸು ಹಾಕಿದ್ದಾಳೆ, ಆದರೆ ಕೋರ್ಟಿನ ಮೆಟ್ಟಿಲಲ್ಲಿ ಅವನನ್ನು ಕಂಡರೆ ನಾಲಗೆ ಕಟ್ಟುತ್ತದೆ, ತಾರೀಕು ತಪ್ಪಿಸುತ್ತಾಳೆ, ಪಾಟಿ ಸವಾಲಿನಲ್ಲಿ ತಡವರಿಸುತ್ತಾಳೆ. ಅವಳ ನಡುಕಕ್ಕೆ ಚಿಕಿತ್ಸೆ ಕೊಡಿಸದೆ “ಹೋರಾಡು” ಎಂದು ದೂಡುವುದು ಯಾವ ಸೋದರಿತ್ವ?

“ಹುಚ್ಚಾಸ್ಪತ್ರೆ ಚೀಟಿ ಕೋರ್ಟಿಗೆ ಹಾಕಿ ಡೈವೋರ್ಸ್ ತಗೋತಾನೆ” ಎಂಬ ಭಯ ನಿಜವಾದದ್ದು. ಗಂಡನ ಕಡೆಯ ವಕೀಲರು ಹೀಗೆ ಮಾಡುತ್ತಾರೆ, ಹಿಂದೂ ವಿವಾಹ ಕಾಯ್ದೆಯ 13ನೆಯ ಸೆಕ್ಷನ್ನು ತೋರಿಸುತ್ತಾರೆ. ಆದರೆ ಕಾಯಿಲೆ ಇದೆ ಎಂದ ಮಾತ್ರಕ್ಕೆ ವಿಚ್ಛೇದನ ಸಿಗದು, ಜೊತೆಗೆ ಬಾಳಲು ಸಾಧ್ಯವೇ ಇಲ್ಲದಷ್ಟು ತೀವ್ರವಾಗಿರಬೇಕು ಎಂದು ಸುಪ್ರೀಂ ಕೋರ್ಟು 1988ರಲ್ಲೇ ರಾಮ್ ನಾರಾಯಣ್ ಗುಪ್ತ ಪ್ರಕರಣದಲ್ಲಿ ಹೇಳಿದೆ. ದಿಗಿಲಿನ ಮಾತ್ರೆಯ ಚೀಟಿ ಅದಕ್ಕೆ ಸಾಲದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಇನ್ನೂ ಸ್ಪಷ್ಟ: ಮಾನಸಿಕ ಕಾಯಿಲೆ ಇದೆ ಎಂಬುದಷ್ಟರಿಂದಲೇ ಯಾರನ್ನೂ ಬುದ್ಧಿ ಸ್ವಾಧೀನ ತಪ್ಪಿದವರು ಎನ್ನುವಂತಿಲ್ಲ. ಅವಳ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು, ಅದರ ದಾಖಲೆ ಪಡೆಯುವ ಹಕ್ಕು ಅವಳಿಗಿದೆ. ಅದೇ ಕಾಯ್ದೆಯಲ್ಲಿ ಇನ್ನೊಂದು ಒಳ್ಳೆಯ ಏರ್ಪಾಡಿದೆ, ಯಾರಿಗೂ ಗೊತ್ತಿಲ್ಲ. ಮುಂದೆಂದಾದರೂ ತನ್ನ ಪರವಾಗಿ ಚಿಕಿತ್ಸೆಯ ವಿಷಯದಲ್ಲಿ ನಿಲ್ಲುವವರು ಯಾರು ಎಂದು ಪ್ರತಿ ವಯಸ್ಕ ಹೆಂಗಸೂ ಬರಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ಗೊತ್ತು ಮಾಡಬಹುದು. ಅದು ಗಂಡನೇ ಆಗಬೇಕಿಲ್ಲ. ತಂಗಿಯಾಗಬಹುದು, ಸಂಘದ ಗೆಳತಿಯಾಗಬಹುದು.

ಚೀಟಿ ಅವಳ ಕೈಯಲ್ಲಿ ಆಯುಧವೂ ಆಗುತ್ತದೆ. ಹಿಂದಿನ 498ಎ ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಸೆಕ್ಷನ್ನುಗಳಾಗಿದೆ. ಅಲ್ಲಿ ಕ್ರೌರ್ಯದ ಅರ್ಥದಲ್ಲಿ ಮಾನಸಿಕ ಆರೋಗ್ಯಕ್ಕೆ ಆದ ಹಾನಿಯೂ ಸೇರಿದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲೂ ಸೇರಿದೆ. ಹಾಗಾಗಿ ಡಾಕ್ಟರಿಗೆ ಹೊಡೆತದ ವಿಷಯ ಹೇಳಿ, ಅದನ್ನು ಚೀಟಿಯಲ್ಲಿ ಬರೆಯಲು ಒತ್ತಾಯಿಸಿ, ನಕಲನ್ನು ಮನೆಯಲ್ಲಿ ಇಡದೆ ನಂಬಿಕಸ್ಥರ ಬಳಿ ಇಡಿ.

ಎಲ್ಲಿಗೆ ಹೋಗುವುದು? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ಬಳ್ಳಾರಿ ಜಿಲ್ಲೆಯ ಪ್ರಯೋಗದಿಂದ. 1996ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಶುರುಮಾಡಿತು. ನಿಮ್ಮಲ್ಲಿ ಯಾವ ವಾರ ಬರುತ್ತಾರೆ, ಬರದಿದ್ದರೆ ಏಕೆ, ಎಂದು ವಿಚಾರಿಸಿ. ಹೋಗಲಾರದವರಿಗೆ 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181, ಜಿಲ್ಲೆಯ ಸಖಿ ಕೇಂದ್ರ. ಪ್ರಾಣಕ್ಕೇ ಕುತ್ತೆಂದರೆ 112. ಕರೆ ಮಾಡಿದ ನಂಬರನ್ನು ಗಂಡ ಫೋನಿನಲ್ಲಿ ನೋಡುವವನಾದರೆ ಗೆಳತಿಯ ಫೋನಿನಿಂದ ಮಾಡಿ.

ಮುಂದಿನ ತಿಂಗಳ ಒಕ್ಕೂಟದ ಸಭೆಯಲ್ಲಿ ಒಂದು ಠರಾವು ಮಾಡಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಡೋಣ. ಬೇಡಿಕೆ ದೊಡ್ಡದೇನಲ್ಲ. ಎದೆಬಡಿತ, ನಿದ್ದೆಗೇಡು, ಮೈನಡುಕ ಎಂದು ಬರುವ ಪ್ರತಿ ಹೆಂಗಸನ್ನೂ ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಒಬ್ಬಳನ್ನೇ ಮಾತಾಡಿಸಬೇಕು, ಮನೆಯಲ್ಲಿ ಹಿಂಸೆ ಇದೆಯೇ ಎಂದು ಕೇಳಬೇಕು. ಇಂಥ ಲಕ್ಷಣಗಳಿರುವಾಗ ಹಿಂಸೆಯ ಬಗ್ಗೆ ವಿಚಾರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಮುಂಬೈಯ ಬಾಂದ್ರಾದಲ್ಲಿರುವ ಭಾಭಾ ಆಸ್ಪತ್ರೆಯಲ್ಲಿ, ಸರ್ಕಾರಿ ಆಸ್ಪತ್ರೆಯೊಳಗೇ, ದಿಲಾಸಾ ಎಂಬ ಕೇಂದ್ರ 2000ದ ಹೊತ್ತಿಗೇ ಈ ಕೆಲಸ ಶುರುಮಾಡಿತು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಜಾಗವಿಲ್ಲ ಎನ್ನುತ್ತಾರೆ. ಒಂದು ಪರದೆ ಮತ್ತು ಎರಡು ಕುರ್ಚಿಗೆ ಎಷ್ಟು ಜಾಗ ಬೇಕು ಎಂದು ಅಳೆಯುವ ಟೇಪು ತೆಗೆದುಕೊಂಡೇ ಹೋಗೋಣ.